ಪ್ಯಾಕೆಟ್ ಎಗ್ ವೈಟ್: ಒಂದು ಸ್ಮಾಲ್ ಪೆಗ್ ಅಂದರೆ ಒಂದು ಮೊಟ್ಟೆಯ ಬಿಳಿ

ಅಕ್ಕಾ, ಮಗ ಬೆಂಗಳೂರಿನಿಂದ ಬಂದವನು ಅರ್ಧ ಲೀಟರಿನ ಎರಡು ಎಗ್ ವೈಟ್ ಪ್ಯಾಕ್, ಅಂದರೆ ಹಳದಿ ತೆಗೆದ ಬರೀ ಮೊಟ್ಟೆಯ ಬಿಳಿ, ಫ್ರಿಜ್ಜಿನಲ್ಲಿಟ್ಟು ಹೋಗಿದ್ದಾನೆ ಅಂದಿರಿ. ಎಷ್ಟು ಚಮಚಕ್ಕೆ ಒಂದು ಮೊಟ್ಟೆ, ಆಮ್ಲೆಟ್ ಯಾಕೆ ತವಾಗೆ ಅಂಟುತ್ತದೆ, ಕೇಕಿಗೆ ಆಗುತ್ತದಾ ಅಂತ ಕೇಳಿದ್ದೀರಿ. ಒಂದು ಮೊಟ್ಟೆಯ ಬಿಳಿಗೆ ಎರಡು ಚಮಚ ಅಂತ ಒಬ್ಬರು ನಿಮಗೆ ಉತ್ತರ ಕೊಟ್ಟಿದ್ದಾರೆ, ಇನ್ನೊಬ್ಬರು ಮೂರು ಅಂದಿದ್ದಾರೆ. ಇಬ್ಬರದ್ದೂ ಸರಿಯೇ. ಯಾವ ಚಮಚ ಅನ್ನುವುದರಲ್ಲೇ ತಕರಾರು ಇರುವುದು. ನಮ್ಮ ಹೋಂಸ್ಟೇಗೆ ಬರುವವರಲ್ಲಿ "ಹಳದಿ ಬೇಡ" ಅನ್ನುವವರು ಈಗ ಜಾಸ್ತಿ, ಹಾಗಾಗಿ ಈ ಪ್ಯಾಕಿನ ಸಹವಾಸ ನನಗೆ ರೂಢಿ.

ಅಂಗಡಿಯ ಮಾಮೂಲಿ ಮೊಟ್ಟೆ ಒಂದರಲ್ಲಿ ಬಿಳಿ ಸುಮಾರು 30 ಗ್ರಾಂ ಇರುತ್ತದೆ. ಗ್ರಾಂ, ಎಂಎಲ್ ಎರಡೂ ಇಲ್ಲಿ ಹೆಚ್ಚುಕಮ್ಮಿ ಒಂದೇ. ಅಳತೆಯ ಟೇಬಲ್ ಚಮಚ 15 ಎಂಎಲ್, ಅದರಲ್ಲಿ ಎರಡು. ನಾವು ಊಟಕ್ಕೆ ಬಳಸುವ ಚಮಚ ಅದಕ್ಕಿಂತ ಚಿಕ್ಕದು, ಅದರಲ್ಲಿ ಮೂರು ಬೇಕಾಗುತ್ತದೆ. ಚಮಚದ ಗೋಜೇ ಬೇಡ ಅಂದರೆ ಮನೆಯಲ್ಲಿರುವ ಪೆಗ್ ಅಳತೆ ತೆಗೆಯಿರಿ. ಕೊಡಗಿನಲ್ಲಿ ಅದಿಲ್ಲದ ಮನೆ ಹುಡುಕಬೇಕು, ಅಲ್ವಾ! ಸ್ಮಾಲ್ 30 ಎಂಎಲ್, ಒಂದು ಬಿಳಿ. ಲಾರ್ಜ್ 60 ಎಂಎಲ್, ಎರಡು ಬಿಳಿ. ಬೇಡದವರಿಗೆ ಸಿರಪ್ ಬಾಟಲಿಯ ಗೆರೆ ಇರುವ ಮುಚ್ಚಳವೂ ಆಗುತ್ತದೆ. 240 ಎಂಎಲ್ ಕಪ್ಪಿನಲ್ಲಿ ಎಂಟು ಬಿಳಿ, ನಿಮ್ಮ ಒಂದು ಪ್ಯಾಕಿನಲ್ಲಿ ಹದಿನಾರು ಚಿಲ್ಲರೆ. ನಾಟಿ ಕೋಳಿ ಮೊಟ್ಟೆ ಚಿಕ್ಕದು. ಅದರ ಲೆಕ್ಕದಲ್ಲಿ ಮಾಡುತ್ತಿದ್ದ ಅಡುಗೆಗೆ 25 ಎಂಎಲ್ ಸಾಕು.

ಇಡೀ ಮೊಟ್ಟೆಯ ಬದಲಿಗೆ ಹಾಕುವುದಾದರೆ ಲೆಕ್ಕ ಬೇರೆ. ಒಂದೂವರೆ ಸ್ಮಾಲ್, ಅಂದರೆ 45 ಎಂಎಲ್ ಹಾಕಿ. ಜೊತೆಗೆ ಒಂದು ಟೀ ಚಮಚ ಎಣ್ಣೆ ಅಥವಾ ಬೆಣ್ಣೆ ಸೇರಿಸಿ, ಯಾಕೆಂದರೆ ಒಂದು ಹಳದಿಯಲ್ಲಿ ಸುಮಾರು 5 ಗ್ರಾಂ ಕೊಬ್ಬು ಇರುತ್ತದೆ. ಅದು ಹೋದರೆ ಪ್ಯಾನ್‌ಕೇಕ್ ಒಣಕಲಾಗುತ್ತದೆ.

ನಿಮ್ಮ ಆಮ್ಲೆಟ್ ಅಂಟುವುದಕ್ಕೂ ಅದೇ ಕಾರಣ. ಬಿಳಿಯಲ್ಲಿ ಕೊಬ್ಬೇ ಇಲ್ಲ, ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರು, ಉಳಿದದ್ದು ಬಹುಪಾಲು ಪ್ರೊಟೀನ್. ಮೊದಲು ಪ್ಯಾಕನ್ನು ಚೆನ್ನಾಗಿ ಕುಲುಕಿ. ಈರುಳ್ಳಿ, ಟೊಮೆಟೊ, ಅಣಬೆ ಏನೇ ಹಾಕಿದರೂ ಬೇರೆಯಾಗಿ ಹುರಿದು ನೀರು ಆರಿಸಿಕೊಳ್ಳಿ. ಹಸಿಯಾಗಿ ಹಾಕಿದರೆ ಆಮ್ಲೆಟ್ ನೀರು ಬಿಟ್ಟುಕೊಂಡು ಹರಿದುಹೋಗುತ್ತದೆ. ತವಾ ಕಾದ ಮೇಲೆ ಉರಿ ಸಣ್ಣ ಮಾಡಿ ಒಂದು ಚಮಚ ತುಪ್ಪ ಸವರಿ. 90 ಎಂಎಲ್ ಸುರಿದು ಮುಚ್ಚಳ ಮುಚ್ಚಿ. ಅಂಚು ಬಿಳಿಯಾಗಿ ತಾನೇ ತವಾ ಬಿಡಲು ಶುರುವಾಗುತ್ತದೆ, ನಡುವೆ ಮಾತ್ರ ಇನ್ನೂ ಪಾರದರ್ಶಕವಾಗಿ ಅಲುಗಾಡುತ್ತಿರುತ್ತದೆ. ಆಗ ಹುರಿದ ತರಕಾರಿ, ಕುಟ್ಟಿದ ಕಾಳುಮೆಣಸು, ಎರಡು ಗಾಂಧಾರಿ ಮೆಣಸು ಹಾಕಿ ಮಡಚಿ. ಅದಕ್ಕಿಂತ ಮೊದಲು ಸಟ್ಟುಗ ಹಾಕಬೇಡಿ. ಉರಿ ಜಾಸ್ತಿಯಾದರೆ ರಬ್ಬರ್. ಉಪ್ಪು ಹಾಕುವ ಮೊದಲು ಲೇಬಲ್ ಓದಿ, ಕೆಲವು ಪ್ಯಾಕಿನಲ್ಲಿ ಮೊದಲೇ ಇರುತ್ತದೆ.

ಆಮ್ಲೆಟ್ ಒಂದೇ ಮಾಡಿದರೆ ಮೂರನೇ ದಿನಕ್ಕೆ ಮನೆಯವರು ಮುಖ ತಿರುಗಿಸುತ್ತಾರೆ. ನನ್ನನ್ನು ಕೇಳಿದರೆ ಈ ಬಿಳಿಗೆ ಒಳ್ಳೆ ಜಾಗ ಕಟ್ಲೆಟ್ ಮತ್ತು ಕಬಾಬ್. ಕಟ್ಲೆಟ್ ಅದ್ದಲು ಬಟ್ಟಲಿಗೆ ಒಂದು ಲಾರ್ಜ್ ಸುರಿದುಕೊಂಡರೆ ಸಾಕು. ಅರ್ಧ ಕೆಜಿ ಕೋಳಿಗೆ ಕಬಾಬ್ ಮಸಾಲೆ, ಕಾರ್ನ್‌ಫ್ಲೋರ್ ಜೊತೆ ಒಂದು ಸ್ಮಾಲ್. ಹಳದಿ ಏನು ಮಾಡುವುದು ಅನ್ನುವ ಯೋಚನೆಯೇ ಇಲ್ಲ. ಬೆಳಗ್ಗೆ ಉಳಿದ ನೂಪುಟ್ಟನ್ನು (ಅಕ್ಕಿ ಶಾವಿಗೆ) ಒಗ್ಗರಣೆಗೆ ಹಾಕಿ, ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಬಿಳಿ ಸುರಿದು ಹುರಿದು ಬೆರೆಸಿದರೆ ಸಂಜೆ ತಿಂಡಿ ಆಯಿತು. ಕೋಳಿ ಸೂಪಿಗಾದರೆ ಕುದಿಯುವಾಗ ಸಣ್ಣ ಧಾರೆಯಾಗಿ ಬಿಟ್ಟು ನಿಧಾನ ತಿರುವಿ.

ಮೊಟ್ಟೆ ಸಾರಿಗೂ ಒಂದು ದಾರಿ ಇದೆ. ಇಡ್ಲಿ ತಟ್ಟೆಗೆ ಎಣ್ಣೆ ಸವರಿ, ಗುಳಿಗೆ ಒಂದು ಸ್ಮಾಲ್ ಹಾಕಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವ ತನಕ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ ಸಾರಿಗೆ ಬಿಡಿ. ಉರಿ ಜೋರಾದರೆ ತೂತುತೂತಾಗಿ ನೀರು ಬಿಡುತ್ತದೆ.

ಕೇಕಿಗೆ? ಬಿಳಿ ನೊರೆಯಾಗಿ ಉಬ್ಬಬೇಕಾದ ಸ್ಪಂಜ್, ಮೆರಾಂಗ್‌ಗೆ ಬೇಡ ಅಕ್ಕಾ. ಪ್ಯಾಕ್ ಮಾಡುವ ಮೊದಲು ಬಿಳಿಯನ್ನು 56-57 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಬಿಸಿ ಮಾಡಿರುತ್ತಾರೆ. ರೋಗಾಣು ಸಾಯುತ್ತದೆ, ಆದರೆ ನೊರೆ ಕಟ್ಟುವ ಪ್ರೊಟೀನುಗಳಿಗೂ ಸ್ವಲ್ಪ ಪೆಟ್ಟು ಬೀಳುತ್ತದೆ. ನಿಂಬೆರಸ ನಾಲ್ಕು ಹನಿ ಹಾಕಿ ಜಾಸ್ತಿ ಹೊತ್ತು ಬೀಟ್ ಮಾಡಿದರೆ ಒಂದಿಷ್ಟು ಏಳಬಹುದು, ಹುಟ್ಟುಹಬ್ಬದ ಕೇಕನ್ನು ಅದರ ಮೇಲೆ ನಂಬಿ ಕೂರಬೇಡಿ. ಬೇಕಿಂಗ್ ಪೌಡರ್ ಹಾಕುವ ಬಾಳೆಹಣ್ಣಿನ ಕೇಕಿಗೆ ಮಾತ್ರ ಧೈರ್ಯವಾಗಿ ಹಾಕಿ.

ಮಗ ಹಸಿಯಾಗಿ ಕುಡಿಯುತ್ತಾನೆ ಅಂದಿರಲ್ಲ, ಬೇಯಿಸಿಯೇ ತಿನ್ನಲು ಹೇಳಿ. ಹಸಿ ಬಿಳಿಯಲ್ಲಿರುವ ಅವಿಡಿನ್ ಅನ್ನುವ ಪ್ರೊಟೀನು ಬಯೋಟಿನ್ ವಿಟಮಿನ್ ಮೈಗೆ ಸೇರದಂತೆ ಹಿಡಿದಿಡುತ್ತದೆ. ಚೆನ್ನಾಗಿ ಬೇಯಿಸಿದರೆ ಆ ತೊಂದರೆ ಇರುವುದಿಲ್ಲ. ಹಾಗೇ ಇಡೀ ಮೊಟ್ಟೆಯ 6 ಗ್ರಾಂ ಪ್ರೊಟೀನಿನಲ್ಲಿ ಹಳದಿಯ ಪಾಲೂ ಸಣ್ಣದೇನಲ್ಲ. ಡಾಕ್ಟರ್ ಬೇಡ ಅನ್ನದಿದ್ದರೆ ಎರಡು ಬಿಳಿಗೆ ಒಂದು ಇಡೀ ಮೊಟ್ಟೆ ಒಡೆದು ಹಾಕಿ, ರುಚಿಯೂ ಬರುತ್ತದೆ, ತವಾಗೂ ಅಂಟುವುದಿಲ್ಲ.

ಕೊನೆಯದು ನೀವು ಕೇಳದೆ ಇದ್ದದ್ದು, ಆದರೆ ನಮ್ಮೂರಿಗೆ ಮುಖ್ಯ. ಈ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿಯುತ್ತದೆ, ಅಷ್ಟೇ. ಅದಕ್ಕೆ ಎರಡು ಪ್ಯಾಕ್ ಒಟ್ಟಿಗೆ ಒಡೆಯಬೇಡಿ. ಒಡೆದ ಪ್ಯಾಕಿನ ಮೇಲೆ ತಾರೀಖು ಬರೆದು, ಲೇಬಲ್ ಹೇಳಿದ ದಿನದೊಳಗೆ ಮುಗಿಸಿ. ಅಷ್ಟು ಖರ್ಚಾಗುವುದಿಲ್ಲ ಅನಿಸಿದರೆ ಒಡೆದ ದಿನವೇ ಸಣ್ಣ ಸ್ಟೀಲ್ ಬಟ್ಟಲುಗಳಿಗೆ ಒಂದೊಂದು ಲಾರ್ಜ್ ಹಾಕಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಬಿಡಿಸಿ ಕವರಿಗೆ ಹಾಕಿ. ಹಿಂದಿನ ರಾತ್ರಿ ಬೇಕಾದಷ್ಟು ಕೆಳಗಿನ ಫ್ರಿಜ್ಜಿಗೆ ಇಳಿಸಿದರೆ ಬೆಳಗ್ಗೆ ಕರಗಿರುತ್ತದೆ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಮುಂದಿನ ಸಲ ಮಗನಿಗೆ ಐಸ್ ಬಾಕ್ಸಿನಲ್ಲಿ ತರಲು ಹೇಳಿ. ಮೈಸೂರಿನಿಂದ ಮಡಿಕೇರಿಗೇ 120 ಕಿಲೋಮೀಟರ್, ಬೆಂಗಳೂರು ಅಂದರೆ ಅದರ ಎರಡರಷ್ಟು. ಇಂಥದ್ದು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು.