ಹಿರಿಯರ ಆರೈಕೆ: ಎಲ್ಲವನ್ನೂ ನಾವೇ ಮಾಡಿಬಿಡಬೇಕೆ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 81 ವರ್ಷ. ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದೆ. ವಾಕರ್ ಹಿಡಿಸಿ ನಡೆಸಬಹುದೆಂದು ವೈದ್ಯರು ಹೇಳಿದ್ದಾರೆ. ಮನೆಗೆ ಬರುವ ಹೋಮ್ ನರ್ಸ್ ಬಹಳ ಮುತುವರ್ಜಿಯವರು. ತುತ್ತು ಮಾಡಿ ತಿನ್ನಿಸುತ್ತಾರೆ, ಹಾಸಿಗೆಯಲ್ಲೇ ಮೈ ಒರೆಸುತ್ತಾರೆ, ಇಡೀ ದಿನ ಡೈಪರ್ ಹಾಕಿರುತ್ತಾರೆ. ಆದರೆ ಅತ್ತೆ ದಿನೇ ದಿನೇ ಮಂಕಾಗುತ್ತಿದ್ದಾರೆ. ಅವರ ಕೆಲಸವನ್ನು ಅವರಿಂದಲೇ ಮಾಡಿಸಿದರೆ ನೋಡಿದವರು ಏನೆಂದುಕೊಂಡಾರೋ ಎಂಬ ಅಳುಕು ನನಗೆ. ಸೊಂಟದ ಹಿಂಭಾಗದಲ್ಲಿ ಚರ್ಮ ಸ್ವಲ್ಪ ಕಪ್ಪಾಗಿಯೂ ಇದೆ.
– ಓದುಗರೊಬ್ಬರು, ಸಾಗರ

ಉತ್ತರ: ಚರ್ಮದ ಸಂಗತಿಯನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ನಾನು ಅದರಿಂದಲೇ ಆರಂಭಿಸುತ್ತೇನೆ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಮಲಗಿದಾಗ ಮೂಳೆಗೂ ಹಾಸಿಗೆಗೂ ನಡುವೆ ಒತ್ತಿಹೋದ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದೆ ಹಾಸಿಗೆ ಹುಣ್ಣು ಶುರುವಾಗುತ್ತದೆ. ಬಿಳಿಯ ಮೈಬಣ್ಣದವರಲ್ಲಿ ಮೊದಲು ಕಾಣುವ ಕೆಂಪು ನಮ್ಮವರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಆ ಜಾಗ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿರುತ್ತದೆ, ಮುಟ್ಟಿದರೆ ಬೆಚ್ಚಗೆ ಅಥವಾ ಗಟ್ಟಿಯಾಗಿ ಇರುತ್ತದೆ. ತಡಮಾಡದೆ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಆ ಜಾಗದ ಮೇಲೆ ಭಾರ ಬೀಳದಂತೆ ಸುಮಾರು 2 ಗಂಟೆಗೊಮ್ಮೆ ಭಂಗಿ ಬದಲಿಸಿ, ಪೂರ್ತಿ ಮಗ್ಗುಲಾಗಿಸುವ ಬದಲು ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೊಂದು ದಿಂಬಿಡಿ. ಎಣ್ಣೆ ಹಚ್ಚಿ ತಿಕ್ಕಲೇಬೇಡಿ. ಯಾವ ಮಗ್ಗುಲಿಗೆ ತಿರುಗಿಸಬಹುದು, ಎಷ್ಟು ತಗ್ಗಿನ ಕುರ್ಚಿಯಲ್ಲಿ ಕೂರಿಸಬಹುದು ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕೇಳಿಕೊಳ್ಳಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅಮೆರಿಕದ ಶುಶ್ರೂಷಾ ಚಿಂತಕಿ ಡೊರೊಥಿಯಾ ಓರೆಮ್ 1971ರಲ್ಲಿ ವಿವರಿಸಿದ ತತ್ತ್ವದ ಪ್ರಕಾರ, ರೋಗಿ ತನ್ನ ಆರೈಕೆಯನ್ನು ತಾನು ಎಷ್ಟರಮಟ್ಟಿಗೆ ಮಾಡಿಕೊಳ್ಳಲಾರನೋ ಅಷ್ಟನ್ನು ಮಾತ್ರ ನರ್ಸ್ ತುಂಬಿಕೊಡಬೇಕು. ಎಲ್ಲವನ್ನೂ ಮಾಡಿಕೊಡಬೇಕಾದ ಸ್ಥಿತಿ ಒಂದು, ಸ್ವಲ್ಪ ಕೈಜೋಡಿಸಿದರೆ ಸಾಕೆನ್ನುವ ಸ್ಥಿತಿ ಇನ್ನೊಂದು, ಹೇಳಿಕೊಟ್ಟು ಧೈರ್ಯ ತುಂಬಿದರೆ ಸಾಕೆನ್ನುವುದು ಮೂರನೆಯದು. ನಿಮ್ಮ ಅತ್ತೆಯವರು ಎರಡನೆಯದರಲ್ಲಿದ್ದಾರೆ, ಆರೈಕೆ ಮಾತ್ರ ಮೊದಲನೆಯದರದ್ದು ನಡೆಯುತ್ತಿದೆ. ಇದರಿಂದಾಗುವ ನಷ್ಟ ಸಣ್ಣದಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪುಟ್ಟ ಅಧ್ಯಯನದಲ್ಲಿ, ಕಾಯಿಲೆಯಿಲ್ಲದ ಹಿರಿಯರೇ 10 ದಿನ ಹಾಸಿಗೆಯಲ್ಲಿದ್ದು ಕಾಲುಗಳಲ್ಲಿ ಸುಮಾರು 1 ಕಿಲೋದಷ್ಟು ಮಾಂಸಖಂಡವನ್ನು ಕಳೆದುಕೊಂಡಿದ್ದರು.

ಆದ್ದರಿಂದ ತಟ್ಟೆಯನ್ನು ಅವರ ಕೈಗೆ ಕೊಡಿ. ನೆಟ್ಟಗೆ ಕೂರಿಸಿಯೇ ಊಟ ಮಾಡಿಸಿ, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಅನ್ನ ಚೆಲ್ಲಿದರೆ ಚೆಲ್ಲಲಿ. ಮುಖ, ಎದೆ, ಕೈಗಳನ್ನು ಅವರೇ ತೊಳೆದುಕೊಳ್ಳಲಿ, ಬೆನ್ನು ಮತ್ತು ಕಾಲು ನರ್ಸ್ ಪಾಲಿಗಿರಲಿ. ಡೈಪರ್ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ: ಮೂತ್ರ ಬರುವುದು ತಿಳಿಯುವವರಿಗೆ ಹಗಲೆಲ್ಲ ಡೈಪರ್ ಹಾಕಿಡುವುದು ನೋಡಿಕೊಳ್ಳುವವರ ಅನುಕೂಲವೇ ಹೊರತು ಆರೈಕೆಯಲ್ಲ, ಮೇಲಾಗಿ ಆ ತೇವವೇ ಚರ್ಮವನ್ನು ಕೆಡಿಸುತ್ತದೆ. ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿಸಿ, ಎದ್ದ ಕೂಡಲೇ, ಊಟದ ನಂತರ, ಮತ್ತೆ 2–3 ಗಂಟೆಗೊಮ್ಮೆ ಕೇಳಿ ಕೂರಿಸಿ. ರಾತ್ರಿ ಬೇಕಾದರೆ ಡೈಪರ್ ಇರಲಿ.

ಮಂಕಾಗಿರುವುದನ್ನು ವಯಸ್ಸಿನ ಮೇಲೆ ಹಾಕಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸದಾಗಿ ಶುರುವಾದ ನಿದ್ರೆಯ ಅಥವಾ ನೋವಿನ ಮಾತ್ರೆ, ಇವುಗಳಲ್ಲಿ ಯಾವುದರಿಂದಲೂ ಹಿರಿಯರು ಹೀಗೆ ತೂಕಡಿಸುತ್ತಾ ಕೂರಬಹುದು. ಚರ್ಮ ತೋರಿಸಲು ಹೋದಾಗ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಒಯ್ಯಿರಿ. ಕನ್ನಡಕ ಕಪಾಟಿನಲ್ಲಿ ಉಳಿದುಬಿಟ್ಟಿದೆಯೇ ಎಂದೂ ನೋಡಿ.

ಹೋಮ್ ನರ್ಸ್ ಎಂದು ಬರುವವರೆಲ್ಲ ನರ್ಸಿಂಗ್ ಓದಿದವರಲ್ಲ; ಓದಿದವರಾದರೆ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇರುತ್ತದೆ. ನಿಮ್ಮವರು ಓದಿಲ್ಲದಿದ್ದರೂ ಗಾಬರಿ ಬೇಡ, ಆದರೆ ವಾಕರ್ ಹಿಡಿಸಿ ನಡೆಸುವ ಕ್ರಮವನ್ನು ಫಿಸಿಯೋಥೆರಪಿಯವರಿಂದ ಅವರಿಗೂ ನಿಮಗೂ ಒಮ್ಮೆ ಹೇಳಿಸಿಕೊಳ್ಳಿ. ನೆಂಟರು ಆಡಿಕೊಂಡರೆ, ವೈದ್ಯರೇ ಹೀಗೆ ಹೇಳಿದ್ದಾರೆಂದು ನಿಸ್ಸಂಕೋಚವಾಗಿ ಹೇಳಿ.