ಕ್ಯಾಮೆರಾ ಎತ್ತಿದ ಕೂಡಲೇ ಎದುರಿನವರು ಬಿಗಿಯಾಗಿಬಿಡುತ್ತಾರೆ, ಏನು ಮಾಡಲಿ?

ಮೊದಲ ಹತ್ತು ನಿಮಿಷ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಸುಮ್ನೆ ಕೂತು ಮಾತಾಡಿ, ಕಾಫಿ ಕೊಟ್ಟರೆ ಕುಡಿಯಿರಿ. ಆದರೆ ಬೆಳಕು, ಸೆಟ್ಟಿಂಗ್ ಎಲ್ಲ ಮೊದಲೇ ನೋಡಿಟ್ಟುಕೊಂಡಿರಬೇಕು, ಯಾಕಂದರೆ ನೀವು ಪದೇ ಪದೇ ಸ್ಕ್ರೀನ್ ನೋಡಿ ಹುಬ್ಬು ಗಂಟಿಕ್ಕಿದರೆ ಎದುರಿಗಿರುವವರು ತಮ್ಮ ಮುಖದಲ್ಲೇ ಏನೋ ಐಬಿದೆ ಅಂದುಕೊಳ್ಳುತ್ತಾರೆ.

ಲೆನ್ಸ್ ಕೂಡ ಮುಖ್ಯ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಅಂದರೆ ಸೆನ್ಸರ್ ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಿರುವುದು) 85 ಎಂಎಂ ಲೆನ್ಸ್ ಇದ್ದರೆ ತಲೆ, ಭುಜದ ಚಿತ್ರಕ್ಕೆ ಸುಮಾರು 2 ಮೀಟರ್ ದೂರ ಸಾಕು, ಮಾತು ನಿಲ್ಲುವುದಿಲ್ಲ. 200 ಎಂಎಂ ಆದರೆ ಇನ್ನೂ ದೂರ ಸರಿದು ಕೂಗಿ ಹೇಳಬೇಕು!

"ಸ್ಮೈಲ್ ಪ್ಲೀಸ್" ಮಾತ್ರ ಬೇಡ. ಕೈಗೆ ಕೆಲಸ ಕೊಡಿ. ಒಮ್ಮೆ ಹೂವಿನ ಅಂಗಡಿ ಅಜ್ಜಿಯೊಬ್ಬರು ಕಂಬದ ಹಾಗೆ ನಿಂತುಬಿಟ್ಟಿದ್ದರು, "ಅಜ್ಜಿ, ಒಂದು ಮೊಳ ಕಟ್ಟಿಕೊಡಿ" ಅಂದೆ ನೋಡಿ, ಬೆರಳು ಓಡಿದ ಹಾಗೆ ಮುಖವೂ ಸಡಿಲವಾಯಿತು, ಮೊಮ್ಮಗನ ಕಥೆ ಶುರುವಾಯಿತು. ಗಲ್ಲ ತಿರುಗಿಸಬೇಕಾದರೆ ಮುಟ್ಟಬೇಡಿ, ನೀವೇ ಮಾಡಿ ತೋರಿಸಿ.

1941ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಛಾಯಾಗ್ರಾಹಕ ಯೂಸುಫ್ ಕಾರ್ಶ್ ಅವರು ಆಗಿನ ಬ್ರಿಟನ್ ಪ್ರಧಾನಿ ಚರ್ಚಿಲ್ ಬಾಯಿಂದ ಸಿಗಾರ್ ಕಿತ್ತುಕೊಂಡು ಆ ಸಿಡುಕು ಮುಖವನ್ನೇ ಸೆರೆಹಿಡಿದರು, ನಿಜ. ನಾವು ಹಾಗೆ ಮಾಡಿದರೆ ಬೈಗುಳವೇ ಗತಿ, ಅಲ್ವಾ?

ಮಧ್ಯೆ ಒಂದೆರಡು ಚೆನ್ನಾಗಿ ಬಂದ ಚಿತ್ರ ತೋರಿಸಿ. ಪ್ರಿಂಟ್ ಕೊಡುತ್ತೇನೆ ಅಂದಿದ್ದರೆ ಮರೆಯದೆ ಕೊಡಿ, ಮುಂದಿನ ಸಲ ಆ ಬೀದಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.