ವಾಚು ಕೆಂಪು ತೋರಿಸಿದ ಬೆಳಗು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ 38. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. 10 ಕಿಲೋಮೀಟರ್ ಓಟಕ್ಕೆಂದು ಕಬ್ಬನ್ ಪಾರ್ಕಿನಲ್ಲಿ ತಯಾರಿ ನಡೆಸಿದ್ದರು. ನನ್ನ ಬಳಿ ಬಂದದ್ದು ಮಾತ್ರ ನಿದ್ದೆ ಬರುತ್ತಿಲ್ಲ ಎಂದು.

ಮಾತಾಡುತ್ತಾ ಕೈಯಲ್ಲಿದ್ದ ವಾಚಿನ ಕಥೆ ಹೊರಬಂತು. ಎದ್ದು ಕಾಲು ನೆಲಕ್ಕಿಡುವ ಮೊದಲೇ ರಿಕವರಿ ಅಂಕ, ಅಂದರೆ ಮೈ ಎಷ್ಟು ಚೇತರಿಸಿಕೊಂಡಿದೆ ಎಂದು ವಾಚು ಕೊಡುವ ಅಂಕ, ನೋಡಬೇಕು. ಹಸಿರಿದ್ದರೆ ಓಟ. ಕೆಂಪಾದರೆ ಮತ್ತೆ ಮುಸುಕು. "ಏಳುವಾಗ ಚೆನ್ನಾಗೇ ಇರ್ತೀನಿ ಮೇಡಂ, ಅಂಕ ನೋಡಿದ ಮೇಲೆ ಸುಸ್ತಾಗುತ್ತೆ" ಎಂದರು. ಒಳ್ಳೆ ಅಂಕ ಬರಲಿ ಎಂದು ಒಂಬತ್ತಕ್ಕೇ ಮಲಗಿ ಹೊರಳಾಡುತ್ತಿದ್ದರು. ಇಂಥ ನಿದ್ದೆಯ ಲೆಕ್ಕದ ಗೀಳಿಗೆ 2017ರಲ್ಲಿ ಅಮೆರಿಕದ ಸಂಶೋಧಕರು 'ಆರ್ಥೋಸೋಮ್ನಿಯಾ' ಎಂದು ಹೆಸರಿಟ್ಟರು. ಆಕೆಗೆ ಆ ಹೆಸರು ಹೇಳಲಿಲ್ಲ. ರಾತ್ರಿ ಕೂತು ಅದನ್ನೂ ಗೂಗಲ್ ಮಾಡಿಬಿಡುತ್ತಾರೆ, ಅಲ್ವಾ?

ಇನ್ನೊಂದು ಸಂಗತಿ ಸಂಕೋಚದಿಂದ ಹೇಳಿದರು. ಕಣಕಾಲಿನ ಎಲುಬು ನೋಯುತ್ತಿದ್ದ ದಿನ ವಾಚು ಹಸಿರು ತೋರಿಸಿತ್ತು. ಓಡಿದರು. ಮೂರು ವಾರ ಕುಂಟಿದರು.

ವಾಚು ಮಣಿಕಟ್ಟಿಗೆ ಹಸಿರು ಬೆಳಕು ಬಿಟ್ಟು ನಾಡಿ ಎಣಿಸುತ್ತದೆ. ಬಡಿತಗಳ ನಡುವಿನ ಅಂತರ ಎಷ್ಟು ಮಿಲಿಸೆಕೆಂಡು ಏರುಪೇರಾಗುತ್ತದೆ ಎಂಬುದೇ ಹಾರ್ಟ್ ರೇಟ್ ವೇರಿಯಬಿಲಿಟಿ, ಚಿಕ್ಕದಾಗಿ ಎಚ್‌ಆರ್‌ವಿ. ರಿಕವರಿ ಅಂಕ ಬಹುಪಾಲು ಇದನ್ನು ನೋಡಿಯೇ ಬರುತ್ತದೆ. ತಡವಾದ ಊಟ, ಮದ್ಯ, ಬರಲಿರುವ ಜ್ವರ, ಆಫೀಸಿನ ಕಿರಿಕಿರಿ, ಯಾವುದಕ್ಕೂ ಅದು ಇಳಿಯಬಹುದು. ನೋಯುವ ಎಲುಬು ಮಾತ್ರ ಅದಕ್ಕೆ ಕಾಣುವುದಿಲ್ಲ. ಗೆಳತಿಯ ಎಚ್‌ಆರ್‌ವಿ 70, ತನ್ನದು 35 ಎಂದು ಆಕೆ ಕೊರಗಿದ್ದೂ ಸುಮ್ನೆ. ಈ ಸಂಖ್ಯೆ ಒಬ್ಬೊಬ್ಬರಿಗೆ ಒಂದೊಂದು.

ವಾಚು ಬಿಚ್ಚಿ ಬಿಸಾಕಿ ಎನ್ನಲಿಲ್ಲ. ಬೆಳಗ್ಗೆ ಮೊದಲು ಡೈರಿಯಲ್ಲಿ ನೀವೇ 10ಕ್ಕೆ ಅಂಕ ಕೊಟ್ಟುಕೊಳ್ಳಿ, ವಾಚು ನೋಡುವುದು ಕಾಫಿ ಆದ ಮೇಲೆ ಎಂದೆ. ಒಂದು ದಿನದ ಕೆಂಪಿಗೆ ಓಟ ಬಿಡಬೇಡಿ, 10 ನಿಮಿಷ ನಿಧಾನ ಓಡಿ ನೋಡಿ. ಎಚ್‌ಆರ್‌ವಿಯ ಏಳು ದಿನದ ಸರಾಸರಿ ನಿಮ್ಮ ಮಾಮೂಲಿಗಿಂತ ಇಳಿದು, ವಿಶ್ರಾಂತಿಯಲ್ಲಿರುವಾಗಿನ ನಾಡಿಯೂ ಏರುತ್ತಿದ್ದರೆ ಆಗ ಕಡಿಮೆ ಮಾಡಿ. ಜ್ವರ, ಎದೆ ಬಿಗಿತ, ಎಲುಬು ನೋವು ಇದ್ದರೆ ಅಂಕ ಎಷ್ಟೇ ಇರಲಿ, ಓಟ ಬೇಡ, ಡಾಕ್ಟರಿಗೆ ತೋರಿಸಿ. ಇದನ್ನು ಎರಡು ಸಲ ಹೇಳಿದೆ.

ಮೂರು ವಾರದ ನಂತರ ಡೈರಿ ತಂದರು. ಹೆಚ್ಚು ಕಡಿಮೆ ಅರ್ಧದಷ್ಟು ದಿನಗಳಲ್ಲಿ ಆಕೆಯ ಅಂಕಕ್ಕೂ ವಾಚಿನ ಅಂಕಕ್ಕೂ ತಾಳೆಯಾಗಿರಲಿಲ್ಲ. "ಹಾಗಾದ್ರೆ ಯಾರು ಸರಿ ಮೇಡಂ?" ಎಂದರು. ಆ ದಿನಗಳ ಎದುರು ಓಟ ಹೇಗಾಯಿತೆಂದು ಬರೆದು ತನ್ನಿ ಎಂದೆ. ರಾತ್ರಿ ವಾಚು ಬಿಚ್ಚಿಡಲು ಇನ್ನೂ ಒಪ್ಪಿಲ್ಲ.